ಕಿವಿವಂತ

ಗುಣ ಇದ್ದವನು ಗುಣವಂತ, ಹಣ ಇದ್ದವನು ಹಣವಂತ. ಅದೇ ವ್ಯಾಕರಣದ ಪ್ರಕಾರ ಕಿವಿ ಇದ್ದವನು ಕಿವಿವಂತ. ಉಳಿದವರಿಗೂ ಎರಡೆರಡು ಕಿವಿ ಇವೆಯಲ್ಲ ಎಂದರೆ, ಅವು ಕನ್ನಡಕದ ಕಡ್ಡಿ ಸಿಕ್ಕಿಸುವುದಕ್ಕೆ. ಕೇಳುವ ಕಿವಿ ತನ್ನೊಬ್ಬನದೇ ಎಂಬುದು ಅವನ ದೃಢವಾದ ನಂಬಿಕೆ. ಬೆಂಗಳೂರಿನ ಅಪಾರ್ಟ್‌ಮೆಂಟಿಗೊಬ್ಬ, ಆಫೀಸಿಗೊಬ್ಬ ಇಂಥವನು ಇದ್ದೇ ಇರುತ್ತಾನೆ. ಯಾರ ಮನೆಗಾದರೂ ಹೊಸ ಡೆಸ್ಕ್‌ಟಾಪ್ ಬಂತೆಂದರೆ ಮಿಕ್ಕವರು ಎಷ್ಟಾಯಿತು ಎಂದು ವಿಚಾರಿಸುತ್ತಾರೆ. ಇವನು ಮಾತ್ರ ‘ಸೌಂಡ್ ಕಾರ್ಡ್ ಯಾವುದು ಹಾಕಿಸಿದ್ರಿ?’ ಎನ್ನುತ್ತಾನೆ. ‘ಮದರ್‌ಬೋರ್ಡಲ್ಲೇ ಇದೆಯಂತಲ್ಲ ಸಾರ್’ ಎಂಬ ಉತ್ತರ ಬಂದರೆ, ಒಬ್ಬಟ್ಟಿಗೆ ತುಪ್ಪದ ಬದಲು ಡಾಲ್ಡಾ ಹಾಕಿಸಿಕೊಂಡ ಬೀಗರ ಮುಖ ಅವನದಾಗುತ್ತದೆ. ‘ಓ, ಆನ್‌ಬೋರ್ಡಾ!’ ಎಂದು ಸುಮ್ಮನಾಗುತ್ತಾನೆ. ‘ಇನ್ನೂ ಬಾಡಿಗೆ ಮನೇಲೇ ಇದ್ದೀರಾ?’ ಎಂದು ಕೇಳುವವರ ದನಿಯಲ್ಲಿರುವ ಅನುಕಂಪವೇ ಆ ಮಾತಿನಲ್ಲೂ ಇರುತ್ತದೆ.

ಈ ಮನುಷ್ಯ ಸುಳ್ಳುಗಾರನಲ್ಲ. ಅವನಿಗೆ ವ್ಯತ್ಯಾಸ ಕೇಳಿಸುತ್ತದೆ ಎಂದರೆ ಕೇಳಿಸುತ್ತದೆ. ಆದರೆ ಕೇಳಿಸುತ್ತಿರುವುದು ಕಾರ್ಡೋ ಅದರ ಬಿಲ್ಲೋ ಎಂಬುದಷ್ಟೇ ಪ್ರಶ್ನೆ. ನನ್ನ ಪ್ರಕಾರ ಬಿಲ್ಲು. ಹಾಗೆಂದು ಅವನ ನಂಬಿಕೆ ಆಕಾಶದಿಂದ ಉದುರಿದ್ದಲ್ಲ, ಅದಕ್ಕೊಂದು ಘನವಾದ ಪೂರ್ವಚರಿತ್ರೆಯಿದೆ. 1981ರ ಐಬಿಎಂ ಪಿಸಿಗೆ ಗೊತ್ತಿದ್ದ ಸಂಗೀತವೆಲ್ಲ ಒಂದು ಪುಟ್ಟ ಸ್ಪೀಕರಿನ ‘ಬೀಪ್’. 1987ರಲ್ಲಿ ಕೆನಡಾದ ಆಡ್‌ಲಿಬ್ ಕಾರ್ಡು ಯಮಹಾ ಚಿಪ್ಪಿನ ಬಲದಿಂದ ಅದಕ್ಕೆ ರಾಗ ಕಲಿಸಿತು. 1989ರಲ್ಲಿ ಸಿಂಗಪುರದ ಸಿಮ್ ವಾಂಗ್ ಹೂ ಅವರ ಕ್ರಿಯೇಟಿವ್ ಕಂಪನಿಯ ಸೌಂಡ್ ಬ್ಲಾಸ್ಟರ್ ಬಂದು ರಾಗದ ಜೊತೆಗೆ ಮಾತನ್ನೂ ಕಲಿಸಿತು. ಆಗ ಕಾರ್ಡು ಇದ್ದವನ ಮನೆಗೂ ಇಲ್ಲದವನ ಮನೆಗೂ ಇದ್ದ ಅಂತರ, ಮಾತಾಡುವವನಿಗೂ ಮೂಗನಿಗೂ ಇರುವಷ್ಟು. ಅದನ್ನು ಕೂರಿಸುವುದೂ ಒಂದು ಅನುಷ್ಠಾನ. ಜಂಪರ್ ಕಿತ್ತು ಸಿಕ್ಕಿಸಿ, ‘ಎ220 ಐ5 ಡಿ1’ ಎಂಬ ಬೀಜಾಕ್ಷರಗಳನ್ನು ಒಂದು ಅಂಕಿಯೂ ತಪ್ಪದಂತೆ ಟೈಪಿಸಿದರೆ ಮಾತ್ರ ಆಟದೊಳಗಿನ ಬಂದೂಕು ಢಂ ಎನ್ನುತ್ತಿತ್ತು. ಅಂಥ ಕಾಲದಲ್ಲಿ ‘ಒಳ್ಳೇ ಸೌಂಡ್ ಕಾರ್ಡ್ ಹಾಕ್ಸಿ’ ಎಂದವನು ಆಪ್ತಮಿತ್ರ. 1997ರಲ್ಲಿ ಇಂಟೆಲ್ ಎಸಿ97 ಎಂಬ ಮಾನದಂಡ ತಂದಿತು. ಬರಬರುತ್ತ ತೈವಾನಿನ ರಿಯಲ್‌ಟೆಕ್‌ನಂಥವರ ಚಿಪ್ಪು ಮದರ್‌ಬೋರ್ಡಿನ ಮೇಲೇ ಬಂದು ಕೂತಿತು. 2007ರಲ್ಲಿ ಮನೆಮನೆಗೆ ಬಂದ ವಿಂಡೋಸ್ ವಿಸ್ಟಾ, ಆಟದ ಸದ್ದಿಗೆಂದು ಕಾರ್ಡುಗಳಿಗಿದ್ದ ವಿಶೇಷ ದಾರಿಯನ್ನೂ ಮುಚ್ಚಿಬಿಟ್ಟಿತು. ಕಾರ್ಡಿಗೆ ಅಲ್ಲಿಗೆ ನಿವೃತ್ತಿಯಾಯಿತು. ಕಿವಿವಂತ ಇಂದಿಗೂ ಅದರ ಪಿಂಚಣಿ ಎಣಿಸುತ್ತಿದ್ದಾನೆ.

ಇತಿಹಾಸ ಕೈಕೊಟ್ಟಾಗ ಅವನು ಅಂಕಿಗಳ ಕೈ ಹಿಡಿಯುತ್ತಾನೆ. 2019ರಲ್ಲಿ ಬಂದ ಸೌಂಡ್ ಬ್ಲಾಸ್ಟರ್ ಎಇ-9 ಎಂಬ ದುಬಾರಿ ಕಾರ್ಡಿಗೆ ಅಮೆರಿಕದಲ್ಲಿ ಆಗ ಸುಮಾರು 350 ಡಾಲರ್ ಬೆಲೆಯಿತ್ತು; ಅತಿ ಮೆಲ್ಲನೆಯ ಸದ್ದಿಗೂ ಅತಿ ಜೋರಿನ ಸದ್ದಿಗೂ ನಡುವೆ 129 ಡೆಸಿಬಲ್ ಅಂತರ ಎಂಬುದು ಅದರ ಡಬ್ಬದ ಹೆಗ್ಗಳಿಕೆ. ಮದರ್‌ಬೋರ್ಡಿಗೇ ಅಂಟಿಕೊಂಡು ಬರುವ ರಿಯಲ್‌ಟೆಕ್ ಎಎಲ್‌ಸಿ1220 ಚಿಪ್ಪು ಹೇಳಿಕೊಳ್ಳುವುದು 120. ಒಂಬತ್ತು ಡೆಸಿಬಲ್ ಹೆಚ್ಚಾಯಿತಲ್ಲ ಎಂದು ಇವನು ಮೇಜು ಗುದ್ದುತ್ತಾನೆ. ಚಿಪ್ಪು ಕಾಗದದ ಮೇಲೆ ಹೇಳಿದ್ದೆಲ್ಲ ಬೋರ್ಡಿನ ಮೇಲೆ ಸಿಗುವುದಿಲ್ಲ, ಒಪ್ಪೋಣ. ಇನ್ನೊಂದಿಷ್ಟು ಕಳೆದೇ ಲೆಕ್ಕ ಹಾಕೋಣ. ಸಿ.ಡಿ.ಗೆ ಹಿಡಿಸುವುದೇ 96 ಡೆಸಿಬಲ್. ನಿಶ್ಶಬ್ದವೆನಿಸುವ ಮನೆಯ ಕೋಣೆಯಲ್ಲೂ ಸುಮಾರು 30 ಡೆಸಿಬಲ್ ಗುಜುಗುಜು ಇರುತ್ತದೆ. ನಮ್ಮ ಫ್ಯಾನು, ಪಕ್ಕದ ಮನೆಯ ಕುಕ್ಕರಿನ ಸೀಟಿ, ಎದುರಿನ ಸೈಟಿನ ಬೋರ್‌ವೆಲ್ ಲಾರಿ ಇವನ್ನು ಸೇರಿಸದೆ ಹೇಳಿದ ಮಾತು ಇದು. ಆ 30ರ ಮೇಲೆ 129ನ್ನೂ ಬಿಡಿಸಿ ಬಿಡಿಸಿ ಕೇಳಬೇಕೆಂದರೆ ಸದ್ದು 159ಕ್ಕೆ ಏರಬೇಕು. ಕಿವಿ ನೋಯತೊಡಗುವುದೇ 120ರ ಆಸುಪಾಸಿನಲ್ಲಿ. ಅಂದರೆ ಕೊಟ್ಟ ದುಡ್ಡಿಗೆ ಪೂರ್ತಿ ಸದ್ದು ವಸೂಲಾಗುವ ಹೊತ್ತಿಗೆ ಕೇಳಲು ಕಿವಿಯೇ ಇರುವುದಿಲ್ಲ. ಇನ್ನು 192 ಕಿಲೋಹರ್ಟ್ಜ್ ಸ್ಯಾಂಪ್ಲಿಂಗ್ ಎಂಬ ಇನ್ನೊಂದು ಮಂತ್ರ. ಅದರಲ್ಲಿ 96 ಕಿಲೋಹರ್ಟ್ಜ್‌ವರೆಗಿನ ನಾದ ಅಡಗುತ್ತದೆ. ಎಳೆಯ ಮನುಷ್ಯರ ಕಿವಿ 20ಕ್ಕೆ ಕೈಚೆಲ್ಲುತ್ತದೆ, ನಲವತ್ತು ದಾಟಿದವರದು ಸಾಮಾನ್ಯವಾಗಿ ಅದಕ್ಕೂ ಬಹಳ ಮುಂಚೆ. ಮಿಕ್ಕದ್ದನ್ನು ಸವಿಯಬಲ್ಲ ರಸಿಕರೆಂದರೆ ಬಾವಲಿಗಳು. ಅವು ಡೆಸ್ಕ್‌ಟಾಪ್ ಕೊಳ್ಳುವುದಿಲ್ಲ.

‘ಇದೆಲ್ಲ ಪುಸ್ತಕದ ಬದನೆಕಾಯಿ; ಪಳಗಿದ ಕಿವಿಗೆ ಗೊತ್ತಾಗುತ್ತೆ’ ಎಂಬುದು ಅವನ ಮುಂದಿನ ಅಸ್ತ್ರ. ಈ ಆಕ್ಷೇಪ ತಳ್ಳಿಹಾಕುವಂಥದಲ್ಲ, ಹಾಗಾಗಿ ಪರೀಕ್ಷೆಗೇ ಹಚ್ಚಿದವರಿದ್ದಾರೆ. ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ 2007ರಲ್ಲಿ ಮೆಯರ್ ಮತ್ತು ಮೊರನ್ ಎಂಬಿಬ್ಬರು ಒಂದು ಪ್ರಯೋಗ ಪ್ರಕಟಿಸಿದರು. ಉತ್ಕೃಷ್ಟ ಡಿಸ್ಕಿನ ಧ್ವನಿಯನ್ನು ಒಮ್ಮೆ ನೇರವಾಗಿ, ಒಮ್ಮೆ ಮಾಮೂಲಿ ಸಿ.ಡಿ.ಯ ಮಟ್ಟಕ್ಕೆ ಇಳಿಸಿ, ಯಾವುದು ಯಾವುದೆಂದು ಹೇಳದೆ ಕೇಳಿಸಿದರು. 554 ಸಲದ ಪರೀಕ್ಷೆಯಲ್ಲಿ ಸರಿಯುತ್ತರ ಬಂದದ್ದು 276 ಸಲ. ನಾಣ್ಯ ಚಿಮ್ಮಿ ಹೇಳಿದ್ದರೂ 277 ಬರಬೇಕಿತ್ತು. ಕಿವಿ ನಾಣ್ಯಕ್ಕೆ ಒಂದು ಅಂಕದಿಂದ ಸೋತಿತು. ಆ ಪ್ರಯೋಗದ ಡಿಸ್ಕುಗಳೇ ಸರಿಯಿರಲಿಲ್ಲ ಎಂಬ ತಕರಾರು ಉಂಟು. 2016ರಲ್ಲಿ ಜೋಶುವಾ ರೀಸ್ ಎಂಬ ವಿದ್ವಾಂಸರು ಇಂಥ ಹದಿನೆಂಟು ಅಧ್ಯಯನಗಳನ್ನು ಕೂಡಿಸಿ ತೂಗಿದಾಗ ವ್ಯತ್ಯಾಸ ಗುರುತಿಸಿದ ಪ್ರಮಾಣ ಶೇಕಡಾ 52.3 ಬಂತು, ತರಬೇತಿ ಪಡೆದವರಲ್ಲಿ ಅದಕ್ಕಿಂತ ಹೆಚ್ಚು. ಅಲ್ಲಿಗೆ ಕಿವಿವಂತನ ಮಾತಿನಲ್ಲಿ ಚೂರು ಸತ್ಯ ಇದೆಯೆಂದಾಯಿತು. ನೂರರಲ್ಲಿ ಎರಡು ಚಿಲ್ಲರೆಯಷ್ಟು ಸತ್ಯ. ಆದರೆ ಅವನಿಗೆ ‘ಸ್ವಾಮಿ, ಕಣ್ಣಿಗೆ ಬಟ್ಟೆ ಕಟ್ಟಿ ಕೂರ್ತೀರಾ?’ ಎಂದರೆ ಅಂದು ಅವನಿಗೆ ನೆಗಡಿ.

ಪ್ರಯೋಗವೆಲ್ಲ ಆಚೆಗಿರಲಿ, ಅವನ ಮೇಜನ್ನೇ ನೋಡಿದರೆ ಸಾಕು. ದುಬಾರಿ ಕಾರ್ಡು ಕೆಂಪು ದೀಪ ಬೆಳಗುತ್ತ ಡಬ್ಬದೊಳಗೆ ವಿರಾಜಮಾನವಾಗಿದೆ. ಇವನ ತಲೆಯ ಮೇಲಿರುವುದು ಬ್ಲೂಟೂತ್ ಹೆಡ್‌ಫೋನು. ಬ್ಲೂಟೂತಿನ ಅಂಕಿಗಳು ಸದ್ದಾಗುವುದು ಹೆಡ್‌ಫೋನಿನೊಳಗಿನ ಚಿಪ್ಪಿನಲ್ಲಿ. ಯುಎಸ್‌ಬಿ ಹೆಡ್‌ಸೆಟ್ಟಿನದೂ ಅದೇ ಕಥೆ. ಎಚ್‌ಡಿಎಂಐ ತಂತಿಯಲ್ಲಿ ಟೀವಿಗೆ ಹೋಗುವ ಸದ್ದಿನದೂ ಅದೇ. ಇವುಗಳ ಪಾಲಿಗೆ ಆ ಕಾರ್ಡು ಊಟಕ್ಕೆ ಕೂರದೆ ಮುಯ್ಯಿ ಕೊಟ್ಟು ಹೋದ ನೆಂಟ. ಸರಿ, ತಂತಿ ಸಿಕ್ಕಿಸಿಯೇ ಕೇಳುತ್ತಾನೆ ಎಂದುಕೊಳ್ಳೋಣ. ಕೇಳುವುದೇನನ್ನು? ಮಲ್ಲಿಕಾರ್ಜುನ ಮನ್ಸೂರರ ಹಳೆಯ 78 ಆರ್‌ಪಿಎಂ ಪ್ಲೇಟನ್ನು ಯಾರೋ ಪುಣ್ಯಾತ್ಮರು ಯೂಟ್ಯೂಬಿಗೆ ಹಾಕಿದ್ದನ್ನು. ಒಂದು ಬದಿಗೆ ಮೂರು ಚಿಲ್ಲರೆ ನಿಮಿಷದ ಆ ಅರಗಿನ ತಟ್ಟೆಯ ಕರಕರ, ಅದರ ಮೇಲೆ ಇಂಟರ್ನೆಟ್ಟಿನ ಹಿಂಡುವಿಕೆ, ಅದರ ಮೇಲೆ 129 ಡೆಸಿಬಲ್ಲಿನ ಕಾರ್ಡು. ಬೆಳ್ಳಿ ಲೋಟದಲ್ಲಿ ಕುಡಿದರೂ ನೀರು ಕೆರೆಯದೇ. ಮನ್ಸೂರರ ದೊಡ್ಡತನವೇನೆಂದರೆ ಆ ಕರಕರವನ್ನೂ ದಾಟಿ ಅವರು ಬಂದು ಮುಟ್ಟುತ್ತಾರೆ. ಅದಕ್ಕೆ ಅವರಿಗೆ ಕಾರ್ಡಿನ ಶಿಫಾರಸು ಬೇಕಿಲ್ಲ.

ಹಾಗಾದರೆ ಆನ್‌ಬೋರ್ಡ್ ಸದ್ದಿನಲ್ಲಿ ದೋಷವೇ ಇಲ್ಲವೇ? ಇದೆ. ಮೌಸ್ ಅಲ್ಲಾಡಿಸಿದರೆ ಸ್ಪೀಕರಿನಲ್ಲಿ ಚಿರ್‌ಚಿರ್ ಎನ್ನುವ ಬೋರ್ಡುಗಳಿವೆ. ಡಬ್ಬದೊಳಗಿನ ವಿದ್ಯುತ್ತಿನ ಗಲಾಟೆ ಸದ್ದಿನ ದಾರಿಗೆ ನುಗ್ಗಿದ ಲಕ್ಷಣ ಅದು. ಅದಕ್ಕೆ ಮದ್ದು ಡಬ್ಬದಿಂದ ಹೊರಗೆ ಬರುವುದು. ಕೆಲವು ನೂರು ರೂಪಾಯಿಗೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುವ ಹೆಬ್ಬೆರಳು ಗಾತ್ರದ ಯುಎಸ್‌ಬಿ ಕಾರ್ಡೂ ಎಷ್ಟೋ ಸಲ ಅಷ್ಟು ಮಾಡುತ್ತದೆ. ಅಗ್ಗದ್ದರ ಜಂಬವೂ ಕಡಿಮೆಯಿಲ್ಲ ಬಿಡಿ: ಮೈಮೇಲೆ ‘7.1’ ಎಂದು ಬರೆದುಕೊಂಡಿರುತ್ತದೆ, ಸ್ಪೀಕರಿಗೆಂದು ಇರುವುದು ಒಂದೇ ತೂತು. ಮಿಕ್ಕ ಸ್ಪೀಕರುಗಳನ್ನು ಭಕ್ತಿಯಿಂದ ಭಾವಿಸಿಕೊಳ್ಳಬೇಕು. ಇನ್ನು ಸದಾ ‘ಗುಂಯ್’ ಎನ್ನುವ ಕಾಯಿಲೆ. ಅದು ಬಹುಪಾಲು ಗೋಡೆಯೊಳಗಿನ 50 ಹರ್ಟ್ಜ್ ಕರೆಂಟಿನದು; ಅರ್ಥಿಂಗ್ ಸರಿಯಿಲ್ಲದ ಪ್ಲಗ್ಗು, ಎರಡು ಕಡೆಯಿಂದ ಕರೆಂಟು ಪಡೆದು ಸುತ್ತು ಹಾಕಿಕೊಂಡ ತಂತಿಗಳು ಅದರ ಮೂಲ. ಕಿವಿವಂತ ಇದಕ್ಕೂ ಚಿನ್ನದ ಲೇಪದ ಜಾಕಿನ ಕಾರ್ಡನ್ನೇ ಬರೆದುಕೊಡುತ್ತಾನೆ. ಕರೆಸಬೇಕಾದದ್ದು ಎಲೆಕ್ಟ್ರಿಶಿಯನ್‌ನನ್ನು.

ದುಬಾರಿ ಉಪಕರಣ ನಿಜವಾಗಿ ಬೇಕಾದವರೂ ಇದ್ದಾರೆ. 300 ಓಮಿನ ಸೆನ್‌ಹೈಸರ್ ಎಚ್‌ಡಿ600ನಂಥ ಹೆಡ್‌ಫೋನು ಎಳೆಯಲು ದಮ್ಮು ಬೇಕು. ಹಾಡು, ಹರಿಕಥೆ, ಪಾಡ್‌ಕಾಸ್ಟ್ ರೆಕಾರ್ಡು ಮಾಡುವವರಿಗೆ ಕಂಡೆನ್ಸರ್ ಮೈಕಿಗೆ 48 ವೋಲ್ಟ್ ಕೊಡುವ ಆಡಿಯೋ ಇಂಟರ್‌ಫೇಸ್ ಬೇಕು. ತಮಾಷೆಯೆಂದರೆ ಅವರು ಕೊಳ್ಳುವ ಡಬ್ಬಿ ಯುಎಸ್‌ಬಿಗೆ ಸಿಕ್ಕಿ ಮೇಜಿನ ಮೇಲೆ ಕೂರುವಂಥದು, ಕಿವಿವಂತ ಹೊಗಳುವ ಕೆಂಪು ದೀಪದ ಕಾರ್ಡಲ್ಲ.

ಉಳಿದದ್ದು ಒಂದೇ ಆಕ್ಷೇಪ, ಮತ್ತು ಅದೇ ಗಟ್ಟಿಯಾದದ್ದು: ಅವನ ದುಡ್ಡು, ಅವನ ಸುಖ, ನಿಮಗೇನು ಕಷ್ಟ? ಏನೂ ಇಲ್ಲ. ಉಡದೆ ಬೀರುವಿನಲ್ಲಿಟ್ಟ ರೇಷ್ಮೆ ಸೀರೆಯ ಸುಖವನ್ನು ಯಾರೂ ಡೆಸಿಬಲ್ಲಿನಲ್ಲಿ ಅಳೆಯುವುದಿಲ್ಲ. ಕಷ್ಟ ಶುರುವಾಗುವುದು, ಮೂರು ಸಾವಿರ ಹಿಡಿದುಕೊಂಡು ಬಂದ ಪಿಯುಸಿ ಹುಡುಗನಿಗೆ ಅವನು ‘ಇಷ್ಟರಲ್ಲಿ ಏನೂ ಬರಲ್ಲ ಕಣೋ, ಇನ್ನೊಂದು ಹತ್ತು ಸೇರಿಸು’ ಎಂದಾಗ. ಆ ಮೂರು ಸಾವಿರವನ್ನು ಪೂರ್ತಿ ಸ್ಪೀಕರಿಗೋ ತಂತಿಯ ಹೆಡ್‌ಫೋನಿಗೋ ಹಾಕಿದರೆ ಬರುವ ವ್ಯತ್ಯಾಸ ಕಣ್ಣಿಗೆ ಬಟ್ಟೆ ಕಟ್ಟಿದರೂ, ನೆಗಡಿ ಇದ್ದರೂ ಗೊತ್ತಾಗುತ್ತದೆ. ಹಾಗೇ ಮಾಡಿ. ಹಸಿರು ತೂತಿಗೆ ಸಿಕ್ಕಿಸಿ ಹಾಡು ಹಚ್ಚಿ. ಕಿವಿವಂತ ಬಂದು ಕೇಳಿದರೆ ‘ಆನ್‌ಬೋರ್ಡ್ ಸಾರ್’ ಎಂದು ಧೈರ್ಯವಾಗಿ ಹೇಳಿ, ಕಾಫಿಗೂ ಇಟ್ಟುಬಿಡಿ. ಅವನು ಎದ್ದು ಹೋಗುವುದಕ್ಕೆ ಒಂದೂವರೆ ಗಂಟೆ ಹಿಡಿಯುತ್ತದೆ.