55 ಕಿಟಕಿ, 40 ನಿಮಿಷ

ಅರಮನೆ ನೋಡುವುದು ಯಾರಿಗಾದರೂ ಬರುತ್ತದೆ, ಕಣ್ಣಿದ್ದರೆ ಸಾಕು. ನೋಡಲು ಹೊರಡುವ ತಯಾರಿ ಮಾತ್ರ ಶಾಸ್ತ್ರ. ಆ ಶಾಸ್ತ್ರದಲ್ಲಿ ನಾನು ಪಳಗಿದವನೆಂದು ನಮ್ಮ ಬಡಾವಣೆಯ ಹಿರಿಯರು ಒಪ್ಪಿ, 24 ಜನರ ನೇಪಾಳ ಯಾತ್ರೆಯನ್ನು ನನ್ನ ಕೈಗಿಟ್ಟರು. ಪಶುಪತಿನಾಥನ ಬಗ್ಗೆ ಚರ್ಚೆಯೇ ಬೇಕಾಗಲಿಲ್ಲ. ಅಲ್ಲಿನ ಪೂಜೆಯ ಭಟ್ಟರಲ್ಲಿ ಕರ್ನಾಟಕದವರಿದ್ದಾರೆ ಎಂದು ಕೇಳಿದಾಗಲೇ ನಮ್ಮವರಿಗೆ ಅರ್ಧ ದರ್ಶನವಾಗಿತ್ತು. ಕಗ್ಗಂಟಾದದ್ದು ಕಠ್ಮಂಡುವಿನಿಂದ ಹದಿಮೂರು ಕಿಲೋಮೀಟರ್ ಪೂರ್ವಕ್ಕಿರುವ ಭಕ್ತಪುರ. ಅಲ್ಲಿ ಮಲ್ಲ ಅರಸರ ಅರಮನೆಯ ಮುಂದೆ ದರ್ಬಾರ್ ಚೌಕವಿದೆ. ಅರಮನೆಗೆ 55 ಕಿಟಕಿಗಳಿವೆ.

ಕಿಟಕಿಗೆ ಒಂದು ನಿಮಿಷದಂತೆ 55 ನಿಮಿಷ ಮಂಜೂರು ಮಾಡಿದೆ. ಇಷ್ಟು ಸರಳವಾದ ಲೆಕ್ಕ ನನ್ನ ಇಡೀ ಸರ್ಕಾರಿ ಸೇವೆಯಲ್ಲಿ ಸಿಕ್ಕಿರಲಿಲ್ಲ. ಆಮೇಲೆ ಗೊತ್ತಾಯಿತು, ನೇಪಾಳದ ಗಡಿಯಾರ ನಮ್ಮದಕ್ಕಿಂತ ಹದಿನೈದು ನಿಮಿಷ ಮುಂದಿದೆ. 1986ರಿಂದ ಅವರು ಗೌರೀಶಂಕರ ಶಿಖರವನ್ನು ನೋಡಿಕೊಂಡು ಟೈಮ್ ಇಟ್ಟುಕೊಂಡಿದ್ದಾರಂತೆ. ಅಂದರೆ ಸುನೌಲಿ ಗಡಿ ದಾಟಿದ ಕೂಡಲೇ ನಮ್ಮ ಹದಿನೈದು ನಿಮಿಷ ಮಾಯ. ಆ ನಷ್ಟವನ್ನು ಎಲ್ಲಿಂದಲಾದರೂ ತುಂಬಲೇಬೇಕು. ತಿಂಡಿಯಿಂದ ಕತ್ತರಿಸಲು ಮಹಿಳಾ ಸದಸ್ಯರು ಒಪ್ಪಲಿಲ್ಲ, ಮಧ್ಯಾಹ್ನದ ನಿದ್ದೆಯಿಂದ ಕತ್ತರಿಸಲು ಪುರುಷರು ಒಪ್ಪಲಿಲ್ಲ. ಅರಮನೆಯ ಪರವಾಗಿ ಸಭೆಯಲ್ಲಿ ಯಾರೂ ಇರಲಿಲ್ಲ. ಉಳಿದದ್ದು 40 ನಿಮಿಷ. ಯಾವ ಹದಿನೈದು ಕಿಟಕಿಗಳನ್ನು ನೋಡಬಾರದು ಎಂದು ನಿರ್ಧರಿಸಲು ಮೂವರ ಉಪಸಮಿತಿ ರಚಿಸಲಾಯಿತು.

ವೇಳಾಪಟ್ಟಿ ಮುದ್ರಿಸಿ ಎಲ್ಲರಿಗೂ ಹಂಚಿದೆ. ಭಕ್ತಪುರದಲ್ಲಿ ಉಗ್ರಭೈರವ, ಉಗ್ರಚಂಡಿಯರನ್ನು ಕಡೆದ ಶಿಲ್ಪಿ ಮತ್ತೊಬ್ಬರಿಗೆ ಅಂಥದೇ ಮಾಡಿಕೊಡಬಾರದೆಂದು ರಾಜ ಅವನ ಕೈ ಕಡಿಸಿದ ಎಂಬ ಕಥೆಯಿದೆ. ನಾನು ಅಷ್ಟು ದೂರ ಹೋಗಲಿಲ್ಲ. ಪಕ್ಕದ ಬಡಾವಣೆಯವರು ನಕಲು ಹೊಡೆಯದಿರಲಿ ಎಂದು ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಿಂದ ಫೈಲ್ ಅಳಿಸಿಸಿದೆ, ಅಷ್ಟೇ.

ಟಿಕೆಟ್ ಕೊಳ್ಳುವ ಮುನ್ನ ಇತಿಹಾಸ ಓದಿಕೊಂಡು ಹೋಗಬೇಕು. ರಿಯಾಯಿತಿ ಕೇಳಲು ಅನುಕೂಲ. 1097ರಲ್ಲಿ ಮಿಥಿಲೆಯಲ್ಲಿ ರಾಜ್ಯ ಕಟ್ಟಿದ ನಾನ್ಯದೇವನ ವಂಶಕ್ಕೆ ಕರ್ಣಾಟ ವಂಶ ಎಂದೇ ಹೆಸರು. ಅದೇ ವಂಶದ ಹರಿಸಿಂಹದೇವ ತುಘಲಕ್ ಸೈನ್ಯಕ್ಕೆ ಸೋತ ಮೇಲೆ ಕುಲದೇವತೆ ತಲೇಜು ನೇಪಾಳದ ಕಣಿವೆಗೆ ಬಂದಳೆಂದು ಪ್ರತೀತಿ. ಮುಂದೆ ಮಲ್ಲ ಅರಸರಿಗೂ ಅವಳೇ ಮನೆದೇವರು. ಅರಮನೆಯ ಚಿನ್ನದ ಬಾಗಿಲು ದಾಟಿ ಹೋದರೆ ಸಿಗುವುದು ಅವಳದೇ ಅಂಗಳ. ಇಷ್ಟನ್ನೂ ಕೌಂಟರಿನ ಹುಡುಗನಿಗೆ ಹಿಂದಿಯಲ್ಲಿ ವಿವರಿಸಿ, ಸ್ವಂತ ದೇವಿಯ ಮನೆಗೆ ದುಡ್ಡು ಕೊಟ್ಟು ಹೋಗುವುದು ಸರಿಯೇ ಎಂದು ಕೇಳಿದೆ. ಅವನು ಗಮನವಿಟ್ಟು ಕೇಳಿಸಿಕೊಂಡು ಸಾರ್ಕ್ ದೇಶದವರ ದರ ಹಾಕಿದ. ಅದು ಮಾಲ್ದೀವ್ಸ್‌ನವರಿಗೂ ಅನ್ವಯಿಸುತ್ತದೆ.

ಒಳಗೆ ಕಾಲಿಟ್ಟರೆ ಪಶ್ಚಿಮದ ಕಡೆಯೇ ರಾಮೇಶ್ವರ, ಬದರಿ, ಕೇದಾರ, ಜಗನ್ನಾಥರ ಪುಟ್ಟ ಗುಡಿಗಳು. ದೂರದ ಚಾರ್‌ಧಾಮ್‌ಗೆ ಹೋಗಲಾಗದವರಿಗಾಗಿ ಕಟ್ಟಿದವು. ಯೋಜನಾ ತಜ್ಞರೊಬ್ಬರು ಮಲ್ಲರ ಆಸ್ಥಾನದಲ್ಲಿಯೂ ಇದ್ದಿರಬೇಕು. ನಾವು ನಾಲ್ಕು ಧಾಮಗಳನ್ನು ಒಂಬತ್ತು ನಿಮಿಷದಲ್ಲಿ ಮುಗಿಸಿದೆವು. ಕಮಲತ್ತೆ ಮಾತ್ರ, "ಹಾಗಾದ್ರೆ ಮೇ ತಿಂಗಳ ಕೇದಾರದ ಅಡ್ವಾನ್ಸ್ ವಾಪಸ್ ಬರುತ್ತೇನೋ?" ಎಂದು ಕೇಳಿದರು. ಪ್ರಶ್ನೆ ಉಪಸಮಿತಿಯ ಮುಂದಿದೆ.

ಚೌಕದ ನಡುವೆ ಎತ್ತರದ ಕಂಬದ ಮೇಲೆ ಭೂಪತೀಂದ್ರ ಮಲ್ಲ ಕೈಜೋಡಿಸಿ ಕೂತಿದ್ದಾನೆ. ಮುನ್ನೂರು ವರ್ಷದ ಹಿಂದಿನ ರಾಜ. ಕಿಟಕಿಯ ಅರಮನೆಗೆ ಈಗಿನ ರೂಪ ಕೊಟ್ಟವನು. ಅವನ ದೃಷ್ಟಿ ಅರಮನೆಯ ಕಡೆಗಿದೆ. ಗ್ರೂಪ್ ಫೋಟೋಕ್ಕಾಗಿ ನಾವೆಲ್ಲ ಅರಮನೆಗೆ ಬೆನ್ನು ಹಾಕಿ ನಿಂತೆವು. ಕಿಟಕಿಗಳ ಕಡೆ ತಿರುಗಿದ್ದವನು ಅವನೊಬ್ಬನೇ. ಹತ್ತಿರದಲ್ಲೇ ಒಂದು ಗಂಟೆಯಿದೆ, ಬಾರಿಸಿದರೆ ಊರ ನಾಯಿಗಳೆಲ್ಲ ಬೊಗಳುತ್ತವಂತೆ. ನಮ್ಮ ಜನರನ್ನು ಒಟ್ಟುಗೂಡಿಸಲು ನಾನು ಊದಿದ ಸೀಟಿಯೇ ಸಾಕಾಯಿತು.

ಒಂದು ತಾಂತ್ರಿಕ ತೊಡಕೂ ಎದುರಾಯಿತು. ವತ್ಸಲಾ ದುರ್ಗೆಯ ಕಲ್ಲಿನ ಗುಡಿ 2015ರ ಏಪ್ರಿಲ್ 25ರ ಭೂಕಂಪದಲ್ಲಿ ಕುಸಿದಿತ್ತು. ಹಾಗಾಗಿ ಪಟ್ಟಿಯಿಂದ ಹೊಡೆದುಹಾಕಿದ್ದೆ. ಅಲ್ಲಿ ಹೋಗಿ ನೋಡಿದರೆ ಗುಡಿ ನಿಂತೇ ಇದೆ! ಊರಿನ ಕಲ್ಲುಕುಟಿಗರು, ಬಡಗಿಗಳು ಸೇರಿ ಹಳೆಯ ರೀತಿಯಲ್ಲೇ ಮತ್ತೆ ಕಟ್ಟಿದ್ದಾರೆ. ಶಿಖರದ ಹೊಸ ಕಲ್ಲಿಗೂ ಹಳೆಯ ಕಲ್ಲಿಗೂ ಬಣ್ಣದ ವ್ಯತ್ಯಾಸ ಇದೆಯೇ ಎಂದು ನೋಡುತ್ತ ನಾನು ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಇದು ವೇಳಾಪಟ್ಟಿಯ ಉಲ್ಲಂಘನೆ. ತಪ್ಪನ್ನು ವರದಿಯಲ್ಲಿ ನಮೂದಿಸಿದ್ದೇನೆ.

ಪಕ್ಕದ ತೌಮಢಿ ಚೌಕದಲ್ಲಿ ಐದಂತಸ್ತಿನ ನ್ಯಾತಪೋಲ ಗುಡಿ, 1702ರದ್ದು. ಮೆಟ್ಟಿಲಿನ ಇಕ್ಕೆಲದಲ್ಲಿ ಜೋಡಿ ಕಾವಲು. ಕೆಳಗಿನ ಪೈಲ್ವಾನರು ಸಾಮಾನ್ಯ ಮನುಷ್ಯನಿಗಿಂತ ಹತ್ತು ಪಟ್ಟು ಬಲಶಾಲಿಗಳು, ಅವರಿಗಿಂತ ಆನೆ ಹತ್ತು ಪಟ್ಟು, ಆನೆಗಿಂತ ಸಿಂಹ ಹತ್ತು ಪಟ್ಟು, ಮೇಲೆ ರೆಕ್ಕೆಯ ಮೃಗಗಳು, ತುದಿಯಲ್ಲಿ ಬಾಘಿನಿ, ಸಿಂಘಿನಿ. ಗುಣಿಸಿದರೆ ದೇವಿಯರ ಬಲ ನಮ್ಮ 1,00,000 ಪಟ್ಟು. ನಮ್ಮವರಲ್ಲಿ ಹೆಚ್ಚಿನವರು ಮಂಡಿನೋವಿನಿಂದ ಪೈಲ್ವಾನ ಮತ್ತು ಆನೆಯ ನಡುವೆ ಉಳಿದರು. ಕಮಲತ್ತೆ ಒಬ್ಬರೇ ತುದಿ ಮುಟ್ಟಿದರು. ಒಳಗಿರುವ ಸಿದ್ಧಿಲಕ್ಷ್ಮಿಯ ದರ್ಶನ ಅರ್ಚಕರಿಗೆ ಮಾತ್ರ, ಉಳಿದವರಿಗೆ ಬಾಗಿಲು. ಇದನ್ನು ಅವರಿಗೆ ಮೊದಲೇ ಹೇಳಬೇಕಿತ್ತು. ನಾನು ಕೆಳಗೆ ಚಪ್ಪಲಿ ಕಾಯುತ್ತಿದ್ದೆ.

ಊಟದ ವಿಷಯದಲ್ಲಿ ಮುನ್ನೆಚ್ಚರಿಕೆ ಅತಿ ಮುಖ್ಯ. ಬೆಂಗಳೂರಿನಿಂದ ಆರು ಕೆಜಿ ಅವಲಕ್ಕಿ ಹೊತ್ತಿದ್ದೆವು. ಭಕ್ತಪುರದ ನೇವಾರರ ಊಟದಲ್ಲಿ ಮೊದಲು ಬಡಿಸುವುದೇ ಅವಲಕ್ಕಿ ಎಂದು ಅಲ್ಲಿ ತಿಳಿಯಿತು. ಮಣ್ಣಿನ ಕುಡಿಕೆಯಲ್ಲಿ ಹೆಪ್ಪು ಹಾಕಿದ 'ಜುಜು ಧೌ', ಅಂದರೆ ಮೊಸರುಗಳ ರಾಜ, ಊರಿನ ಹೆಮ್ಮೆ. ಎಮ್ಮೆ ಹಾಲಿನದು, ಚಾಕುವಿನಲ್ಲಿ ಕತ್ತರಿಸುವಷ್ಟು ಗಟ್ಟಿ. ಆದರೆ ಸಿಹಿ. ಅನ್ನಕ್ಕೆ ಕಲಸಿ ಸಾಸಿವೆ ಒಗ್ಗರಣೆ ಹಾಕಿದ ಮೇಲೆ ನಮ್ಮವರೆಲ್ಲ ಮೊಸರು ಕೆಟ್ಟಿದೆ ಎಂದು ಒಮ್ಮತದಿಂದ ತೀರ್ಮಾನಿಸಿದರು.

ಇಷ್ಟಾಗುವಷ್ಟರಲ್ಲಿ 40 ನಿಮಿಷ ಎಂದೋ ಕಳೆದು, ಕಿಟಕಿ ನೋಡುವುದು ಹಾಗೇ ಉಳಿದಿತ್ತು. ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದ.

ಮರುದಿನ ಸುನೌಲಿಯಲ್ಲಿ ಗಡಿ ದಾಟಿದಾಗ ನಮ್ಮ ಹದಿನೈದು ನಿಮಿಷ ಪೂರ್ತಿ ವಾಪಸ್ ಬಂತು. ಲಗೇಜ್ ಮೇಲೆ ಕೂತು ಕಳೆದೆವು. ಎದುರಿನ ಗೋದಾಮಿಗೆ ಒಂದು ಕಿಟಕಿಯಿತ್ತು. 24 ಜನರೂ ಅದನ್ನು ಚೆನ್ನಾಗಿ ನೋಡಿದೆವು.