ಕೋವಿ ಮೀಮಾಂಸೆ

ಮಲೆನಾಡಿನ ಮನೆಯ ಗೋಡೆಯ ಮೇಲೆ ತೂಗುವ ಕೋವಿ ಒಂದೇ ಇರತಕ್ಕದ್ದೋ ಹಲವಿರತಕ್ಕದ್ದೋ ಎಂಬ ಗಹನವಾದ ಪ್ರಶ್ನೆಯನ್ನು ಆಚಾರ್ಯತ್ರಯರು ಕೈಗೆತ್ತಿಕೊಳ್ಳದೆ ಬಿಟ್ಟುದರಿಂದ, ಆ ಕೊರತೆಯನ್ನು ನೀಗಿಸುವ ಭಾರವು ಎರಡೆಕರೆ ಅಡಕೆತೋಟವನ್ನೂ ಅದಕ್ಕಿಂತ ವಿಸ್ತಾರವಾದ ಬಿಡುವನ್ನೂ ಪಡೆದಿರುವ ಈ ಲೇಖಕನ ಮೇಲೆ ಬಿದ್ದಿದೆ. ಶಾಸ್ತ್ರಸಂಪ್ರದಾಯದಂತೆ ಅನುಬಂಧ ಚತುಷ್ಟಯವನ್ನು ಮೊದಲೇ ನಿವೇದಿಸುವುದು ಲೇಸು: ವಿಷಯವು ಕೋವಿ, ಪ್ರಯೋಜನವು ಗೃಹಶಾಂತಿ, ಅಧಿಕಾರಿಯು ಲೈಸೆನ್ಸುಳ್ಳವನು, ಸಂಬಂಧವಾದರೋ ಸಮೀಪದ ಪೊಲೀಸು ಠಾಣೆಯೊಡನೆ.

ಇನ್ನು ಪೂರ್ವಪಕ್ಷ. ಬಹುಕೋವಿವಾದಿಗಳಲ್ಲಿ ಅಗ್ರಗಣ್ಯರು ನಮ್ಮ ಭಾವನವರು. ಹಕ್ಕಿಗೆ ಸಣ್ಣ ಚರೆ, ಹಂದಿಗೆ ಗುಂಡು, ಹತ್ತಿರದ್ದಕ್ಕೆ ಒಂದು ನಳಿಗೆ, ದೂರದ್ದಕ್ಕೆ ಇನ್ನೊಂದು ಎಂದು ವಿಂಗಡಿಸಿ, “ಭತ್ತ ಅಳೆಯುವ ಕೊಳಗದಲ್ಲಿ ಉಪ್ಪಿನಕಾಯಿ ಬಡಿಸುತ್ತಾರೇನಯ್ಯಾ?” ಎಂಬ ದೃಷ್ಟಾಂತದಿಂದ ಅವರು ಎದುರಾಳಿಯ ಬಾಯಿ ಕಟ್ಟುವುದುಂಟು.

ಏಕಕೋವಿವಾದಿಗಳ ಉತ್ತರವೂ ದುರ್ಬಲವಲ್ಲ. ಒಂದು ರಾತ್ತಲು ಸೀಸವನ್ನು ಹನ್ನೆರಡು ಸಮನಾದ ಗುಂಡುಗಳಾಗಿ ಎರಕಹೊಯ್ದರೆ ಅವುಗಳಲ್ಲೊಂದು ಹಿಡಿಸುವಷ್ಟು ಅಗಲದ ನಳಿಗೆಯನ್ನು ಹನ್ನೆರಡನೆಯ ನಂಬರಿನದೆಂದೂ, ಇಪ್ಪತ್ತಾಗಿ ಎರಕಹೊಯ್ದರೆ ಇಪ್ಪತ್ತನೆಯದೆಂದೂ ಕರೆಯುವುದರಿಂದ, ಸಂಖ್ಯೆ ಕುಗ್ಗಿದಷ್ಟೂ ಬಾಯಿ ಹಿಗ್ಗುವುದೆಂಬುದು ಕೋವಿಯ ಸ್ವಭಾವದಿಂದಲೇ ಸಿದ್ಧವಾಯಿತೆಂದು ಅವರು ವಾದಿಸುತ್ತಾರೆ. ಈ ಮತದ ಮೂಲಪುರುಷರು ಕೇಪಿನ ಕೋವಿಯೊಂದನ್ನೇ ನೆಚ್ಚಿದ್ದ ನಮ್ಮ ಅಜ್ಜನವರು. ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಕಬ್ಬಿಣದ ಗಜದಿಂದ ಜಡಿದು, ಚರೆ ಹಾಕಿ, ಮತ್ತೆ ನಾರು ತುರುಕಿ, ಮತ್ತೆ ಜಡಿದು, ಕಡೆಗೆ ಕೇಪು ಕೂರಿಸುವಷ್ಟರಲ್ಲಿ ಗುರಿ ತಪ್ಪಿದ ಪ್ರಾಣಿಯು ಹೊಳೆ ದಾಟಿ ಆಚೆಯ ಊರಿನದಾಗಿಬಿಡುತ್ತಿದ್ದುದರಿಂದ, ಮೊದಲನೆಯ ಈಡೇ ಕಡೆಯದೆಂಬ ವೈರಾಗ್ಯವೂ, ಅದರ ಫಲವಾಗಿ ಗುರಿಯೂ ಅವರಿಗೆ ಸಿದ್ಧಿಸಿದ್ದವು.

ಒಂದೇ ಕೋವಿಯೆಂದೂ, ಆದರೆ ಎರಡು ನಳಿಗೆಗಳಿಂದ ವಿಶಿಷ್ಟವಾದುದೆಂದೂ ಹೇಳುವ ಜೋಡುನಳಿಗೆಯವರ ಮತವು ವಿಶಿಷ್ಟಾದ್ವೈತವೆಂಬುದನ್ನು ಪ್ರಾಜ್ಞರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹೀಗೆ ಮತಗಳು ಭಿನ್ನವಾದಾಗ ಶ್ರುತಿಯೇ ಶರಣು. 1959ರ ಶಸ್ತ್ರಾಸ್ತ್ರ ಕಾಯಿದೆಯಲ್ಲಿ ಮೊದಲು ಸಂಖ್ಯೆಯ ಮಿತಿಯಿರಲಿಲ್ಲ, 1983ರ ತಿದ್ದುಪಡಿಯು ಮೂರೆಂದಿತು, 2019ರದು ಎರಡೆಂದಿತು. ಮೂರು ಕೋವಿಗಳ ಒಡೆಯರಾದ ಭಾವನವರು, ಯಾವ ಮಗನನ್ನು ದತ್ತು ಕೊಡುವುದೆಂದು ತಿಳಿಯದ ತಂದೆಯಂತೆ, ಎಣ್ಣೆಬಟ್ಟೆ ಹಿಡಿದು ಮೂರನ್ನೂ ಮೂರು ದಿನ ಒರೆಸಿ, ನಾಲ್ಕನೆಯ ದಿನ ಒಂದನ್ನು ಠಾಣೆಗೆ ಒಪ್ಪಿಸಿ ಬಂದು ಆ ರಾತ್ರಿ ಊಟ ಮಾಡಲಿಲ್ಲ.

ಆದರೆ ಸೂಕ್ಷ್ಮವು ಬೇರೆಯೇ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಬಳಿಕ ಬೇಟೆಯೆಂಬ ಸಾಧ್ಯವೇ ಅಪರಾಧವಾಗಿರಲಾಗಿ, ಸಾಧನವು ಒಂದಾದರೇನು, ಎರಡಾದರೇನು? ಜಾತಿಯಿಂದಲೋ ಜಮ್ಮಾ ಹಿಡುವಳಿಯಿಂದಲೋ ಲೈಸೆನ್ಸಿನ ವಿನಾಯಿತಿ ಪಡೆದ ಕೊಡಗಿನವರೂ ಕೈಲ್‌ಪೊಳ್ದಿನಂದು ಕೋವಿಗೆ ತೋಕ್‌ಪೂ ಮುಡಿಸಿ, ಪೂಜಿಸಿ, ಗುಂಡು ಹೊಡೆಯುವುದು ತೆಂಗಿನಕಾಯಿಗೆ. ಹೊಡೆಸಿಕೊಂಡ ಮೇಲೂ ಮೊಕದ್ದಮೆಗೆ ಕಾರಣವಾಗದ ಬೇಟೆ ಅದೊಂದೇ. ನಮ್ಮ ಕಡೆಯ ಕೋವಿಗಳಿಗಾದರೋ ಆ ಭಾಗ್ಯವೂ ಇಲ್ಲ. ಚುನಾವಣೆ ಬಂದಾಗ ಠಾಣೆಗೆ ಹೋಗಿ, ಮುಗಿದಾಗ ಮರಳುವ ತೀರ್ಥಯಾತ್ರೆಯೇ ಅವುಗಳ ಸಂಚಾರ. ಕೋವಿಗೊಂದು ರಸೀದಿಯಾದುದರಿಂದ ಬಹುತ್ವವೆಂದರೆ ಕಾಗದದ ಬಹುತ್ವವೆಂಬುದೇ ಸಿದ್ಧಾಂತ.

ಕಳೆದ ಚುನಾವಣೆಯ ಕಾಲದಲ್ಲಿ ಭಾವನವರು ಎರಡು ಕೋವಿಗಳನ್ನು ಹೆಗಲಿಗೇರಿಸಿ ಠಾಣೆಯ ಸಾಲಿನಲ್ಲಿ ನಿಂತಿದ್ದಾಗ ತೋಟಕ್ಕೆ ಮಂಗಗಳ ಹಿಂಡು ಇಳಿಯಿತು. ಸೀಮೆಎಣ್ಣೆಯ ಹಳೆಯ ಡಬ್ಬವನ್ನು ಬಡಿದು ಅದನ್ನು ಓಡಿಸಿದವಳು ಅಕ್ಕ. ಡಬ್ಬಕ್ಕೆ ಲೈಸೆನ್ಸು ಬೇಕಿಲ್ಲ. ಎಷ್ಟು ಬೇಕಾದರೂ ಇಟ್ಟುಕೊಳ್ಳಬಹುದು.