ಹ್ಯಾಂಬರ್ಗರ್ ಪಂಡಿತರ ಸಂಸಾರ

ನಮ್ಮವರು ಹುಟ್ಟಿದಾಗಿನಿಂದ ದನದ ಮಾಂಸ ಹಾಗಿರಲಿ, ಕೋಳಿಯ ಚೂರನ್ನೂ ಬಾಯಿಗಿಟ್ಟವರಲ್ಲ. ಆದರೂ ಮೆಲ್ಬರ್ನಿನ ನಮ್ಮ ಈ ಮೂಲೆಯಲ್ಲಿ ಹ್ಯಾಂಬರ್ಗರಿನ ವಿಷಯ ಬಂದರೆ ಅವರ ಮಾತೇ ಕೊನೆ. ತಾತ ಮುತ್ತಾತನ ಕಾಲದಿಂದ ಮಾಂಸ ತಿಂದುಕೊಂಡು ಬಂದ ಆಫೀಸಿನ ಗೆಳೆಯರು ರಜೆಗೆ ಹೊರಡುವ ಮುಂಚೆ ಇವರ ಮೇಜಿನ ಹತ್ತಿರ ಬಂದು, ಯಾವ ಊರಿನಲ್ಲಿ ಯಾವ ಅಂಗಡಿ ಎಂದು ಕೇಳಿಕೊಂಡು ಹೋಗುತ್ತಾರಂತೆ. ಇವರೂ ಲವಲೇಶ ಸಂಕೋಚವಿಲ್ಲದೆ ಅಪ್ಪಣೆ ಕೊಡಿಸುತ್ತಾರೆ. ನಾನು ನಕ್ಕರೆ, "ಸ್ವಾಮಿಗಳು ದಾಂಪತ್ಯದ ಬಗ್ಗೆ ಪ್ರವಚನ ಮಾಡಿದಾಗ ಮುಂದಿನ ಸಾಲಲ್ಲಿ ಕೂತು ಕೇಳ್ತೀಯಲ್ಲ, ಆಗ ಯಾಕೆ ನಗಲ್ಲ?" ಎನ್ನುತ್ತಾರೆ.

ಇದು ಅಮೆರಿಕದ ಬರ್ಗರಿನ ಮಾತಲ್ಲ. ಆಸ್ಟ್ರೇಲಿಯಾದ ಹಳೆಯ ಟೇಕ್‌ಅವೇ ಅಂಗಡಿಗಳಲ್ಲಿ, ಒಂದು ಕಡೆ ಮೀನು ಕರಿಯುವ ಎಣ್ಣೆ, ಇನ್ನೊಂದು ಕಡೆ ಮಾರುದ್ದದ ಕಬ್ಬಿಣದ ಕಾವಲಿ, ಬಾಗಿಲಿಗೆ ನೊಣ ಬಾರದಂತೆ ಪ್ಲಾಸ್ಟಿಕ್ ಪಟ್ಟಿಗಳ ಪರದೆ ಇರುವ ಜಾಗದಲ್ಲಿ, 'ವಿತ್ ದ ಲಾಟ್' ಎಂದು ಕೇಳಿದರೆ ಕೊಡುತ್ತಾರಲ್ಲ, ಅದು. ಅಂಗಡಿಯಲ್ಲಿರುವುದನ್ನೆಲ್ಲ ಒಂದು ಬನ್ನಿನೊಳಗೆ ತುಂಬುತ್ತಾರೆ: ಕೊಚ್ಚಿದ ಮಾಂಸದ ಬಿಲ್ಲೆ, ಬೇಕನ್, ಹುರಿದ ಈರುಳ್ಳಿ, ಮೊಟ್ಟೆ, ಚೀಸು, ಟೊಮೆಟೊ, ಸಣ್ಣಗೆ ಹೆಚ್ಚಿದ ಲೆಟ್ಯೂಸ್ ಸೊಪ್ಪು, ಕೆಲವು ಕಡೆ ಅನಾನಸಿನ ಬಿಲ್ಲೆ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಬೀಟ್‌ರೂಟು. ಪಟ್ಟಿಯನ್ನು ಇನ್ನೊಮ್ಮೆ ಓದಿ. ಮಾಂಸದ್ದು ಎರಡೇ ಐಟಂ. ಅವೆರಡನ್ನೂ ಕಿತ್ತು ಹಾಕಿದರೂ ಒಂದು ಹೊತ್ತಿನ ಊಟ ಉಳಿಯುತ್ತದೆ. ನಮ್ಮವರ ಸಿದ್ಧಾಂತ ನಿಂತಿರುವುದೇ ಇದರ ಮೇಲೆ: ಮಾಂಸ ತೆಗೆದ ಮೇಲೂ ಯಾವುದು ಹ್ಯಾಂಬರ್ಗರಾಗಿ ಉಳಿಯುತ್ತದೋ ಅದೇ ಒಳ್ಳೆಯ ಹ್ಯಾಂಬರ್ಗರು. ಅಮೆರಿಕದವರದರಲ್ಲಿ ಮಾಂಸ ತೆಗೆದರೆ ಉಪ್ಪಿನಕಾಯಿ ಹಾಕಿದ ಬನ್ನು ಉಳಿಯುತ್ತದೆ, ಅಷ್ಟೇ.

ಈ ಸಿದ್ಧಾಂತವನ್ನು ಒಪ್ಪದಿರುವವನು ಮನೆಯಲ್ಲಿ ಒಬ್ಬನೇ, ನಮ್ಮ ಮಗ. ಇಲ್ಲೇ ಹುಟ್ಟಿದವನು, ಗೆಳೆಯರ ಹುಟ್ಟುಹಬ್ಬಗಳಲ್ಲಿ ಎಲ್ಲವನ್ನೂ ತಿಂದು ಬಂದವನು. "ಅಪ್ಪಾ, ಪ್ಯಾಟಿ ತಿನ್ನದೆ ನೀನು ಹೇಗೆ ಜಡ್ಜ್ ಮಾಡ್ತೀಯ?" ಎಂದು ಕೇಳಿದ. "ಅದಕ್ಕೇ ಮಾಡಬಲ್ಲೆ. ನನಗೆ ಪಕ್ಷಪಾತ ಇಲ್ಲ" ಎಂದರು. ಹಳೆಯ ಅಂಗಡಿಗಳ ಬಿಲ್ಲೆ ಬರಿಯ ಮಾಂಸವಲ್ಲ, ಅದರಲ್ಲಿ ಬ್ರೆಡ್ಡಿನ ಪುಡಿ, ಈರುಳ್ಳಿ ಎಲ್ಲ ಕಲಸಿರುತ್ತಾರೆ ಎಂಬ ಮಾಹಿತಿಯನ್ನೂ ಅವನಿಗೆ ಕೊಟ್ಟವರು ಇವರೇ.

ಇವರ ಪಾಂಡಿತ್ಯದ ಪೂರ್ಣ ಪ್ರಮಾಣ ತಿಳಿಯಬೇಕಾದರೆ ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ಕೂರಬೇಕು. ಊರಿನಿಂದ ಯಾರೇ ಬರಲಿ, ಗ್ರೇಟ್ ಓಶನ್ ರೋಡಿನಲ್ಲಿ ಕರೆದುಕೊಂಡು ಹೋಗಿ ಸಮುದ್ರದೊಳಗಿನ ಆ ಬಂಡೆಗಳನ್ನು ತೋರಿಸಿ ತರುವುದು ಮೆಲ್ಬರ್ನ್ ಕನ್ನಡಿಗರ ಕುಲಧರ್ಮ. ಹೋಗುವಾಗ ದಾರಿಯುದ್ದಕ್ಕೂ ಹರಿಕತೆ. 1932ರಲ್ಲಿ ಸಿಡ್ನಿಯ ಮಾರ್ಟಿನ್ ಪ್ಲೇಸಿನಲ್ಲಿ ಮಿಕ್ ಆಡಮ್ಸ್ ಎಂಬ ಗ್ರೀಕ್ ವಲಸೆಗಾರ ನಾಲ್ಕು ಪೆನ್ನಿಗೆ ಮಿಲ್ಕ್‌ಶೇಕ್ ಮಾರುವ ಮೊದಲ ಮಿಲ್ಕ್ ಬಾರ್ ತೆರೆದದ್ದು. ಆಮೇಲೆ ಗ್ರೀಕರು ಊರೂರಿಗೆ ಹೋಗಿ ಕೆಫೆ, ಮೀನಿನಂಗಡಿ ಇಟ್ಟದ್ದು. ತಮ್ಮ ಮನೆಯ ಅಡುಗೆಯನ್ನು ಮನೆಯಲ್ಲೇ ಇಟ್ಟುಕೊಂಡು, ಗಿರಾಕಿ ಕೇಳಿದ ಸ್ಟೇಕು, ಮೊಟ್ಟೆ, ಚಿಪ್ಸು ಮಾಡಿಕೊಟ್ಟದ್ದು. ಮೈಸೂರಿನಿಂದ ಬಂದ ನನ್ನ ಅಣ್ಣ ಕಿಟಕಿಯಾಚೆ ಕಾಂಗರೂ ಕಾಣುತ್ತದೆಯೇ ಎಂದು ಕತ್ತು ಚಾಚಿದ್ದಾಗಲೇ ಇವರು 1971ಕ್ಕೆ ಬಂದುಬಿಟ್ಟಿದ್ದರು. ಆ ವರ್ಷ ಸಿಡ್ನಿಯ ಯಗೂನದಲ್ಲಿ ಮೆಕ್‌ಡೊನಾಲ್ಡ್ಸ್ ಬಾಗಿಲು ತೆರೆಯಿತು. ಅದೇ ವರ್ಷ ಪರ್ತ್‌ನಲ್ಲಿ ಬರ್ಗರ್ ಕಿಂಗ್‌ನವರೂ ಬಂದರು, ಆದರೆ ತಮ್ಮ ಹೆಸರಿನಲ್ಲಿ ಬರಲಾಗಲಿಲ್ಲ. ಆ ಹೆಸರನ್ನು ಅಡಿಲೇಡಿನ ಒಂದು ಟೇಕ್‌ಅವೇ ಅಂಗಡಿ ಆಗಲೇ ನೋಂದಾಯಿಸಿಕೊಂಡಿತ್ತು. ಅದಕ್ಕೇ ಇವತ್ತಿಗೂ ಈ ದೇಶದಲ್ಲಿ ಅದು ಹಂಗ್ರಿ ಜ್ಯಾಕ್ಸ್. "ಒಂದು ಮೂಲೆಯಂಗಡಿ ಅಷ್ಟು ದೊಡ್ಡ ಕಂಪನಿಯ ಹೆಸರನ್ನೇ ಬದಲಾಯಿಸಿತು!" ಎಂದು ಸ್ಟೀರಿಂಗ್ ಮೇಲಿನ ಕೈ ಎತ್ತಿ ಹೇಳುತ್ತಾರೆ. ಅಣ್ಣ ಕಾಂಗರೂ ನೋಡಲಿಲ್ಲ.

ಬೀಟ್‌ರೂಟಿನ ಅಧ್ಯಾಯಕ್ಕೆ ಬಂದಾಗ ಮಾತ್ರ ಗಂಟಲು ಗದ್ಗದ. ಅದು ಬರ್ಗರಿನೊಳಗೆ ಹೇಗೆ ಬಂತೆನ್ನುವುದಕ್ಕೆ ಒಬ್ಬೊಬ್ಬರದು ಒಂದೊಂದು ಕತೆ. ಬಂದದ್ದಂತೂ ಡಬ್ಬಿಯಿಂದ. ಕ್ವೀನ್ಸ್‌ಲ್ಯಾಂಡಿನ ಅನಾನಸು ಬೆಳೆಗಾರರ ಸಹಕಾರ ಸಂಘ 1947ರಲ್ಲಿ ಬ್ರಿಸ್ಬೇನಿನ ನಾರ್ತ್‌ಗೇಟಿನಲ್ಲಿ ಡಬ್ಬಿ ಕಾರ್ಖಾನೆ ತೆರೆಯಿತು. ಗೋಲ್ಡನ್ ಸರ್ಕಲ್ ಅಂದರೆ ಅದೇ. ಬರ್ಗರಿನ ಅನಾನಸಿನ ಬಿಲ್ಲೆ, ಬೀಟ್‌ರೂಟಿನ ಬಿಲ್ಲೆ ಎರಡೂ ಆ ಹೆಸರಿನ ಡಬ್ಬಿಯಲ್ಲೇ ಮನೆಮನೆಗೆ ಬಂದವು. 2011ರಲ್ಲಿ, ಅಷ್ಟರಲ್ಲಿ ಅದರ ಒಡೆತನ ಪಡೆದಿದ್ದ ಹೈಂಜ್ ಕಂಪನಿ, ಬೀಟ್‌ರೂಟನ್ನು ಡಬ್ಬಿಗೆ ತುಂಬುವ ಕೆಲಸವನ್ನು ನ್ಯೂಜಿಲೆಂಡಿಗೆ ಸಾಗಿಸುತ್ತೇವೆ ಎಂದಾಗ ಇವರು ರಾತ್ರಿ ಊಟಕ್ಕೆ ಮೊಸರನ್ನ ಸಾಕು ಎಂದರು. ನ್ಯೂಜಿಲೆಂಡಿನವರಿಗೂ ಇದರ ಬೆಲೆ ಗೊತ್ತಿದೆ, 1991ರಲ್ಲೇ ಅಲ್ಲಿನ ಮೆಕ್‌ಡೊನಾಲ್ಡ್ಸ್ ಮೊಟ್ಟೆ, ಬೀಟ್‌ರೂಟು ಹಾಕಿ ಕಿವಿಬರ್ಗರ್ ಮಾರಿದೆ ಎಂದು ಮಗ ಸಮಾಧಾನ ಹೇಳಬೇಕಾಯಿತು.

ಇವರ ಅತಿರೇಕಗಳನ್ನು ಬದಿಗಿಟ್ಟು ನನ್ನ ಮಾತು ಹೇಳುವುದಾದರೆ, ವಿಷಯದಲ್ಲಿ ಹುರುಳಿದೆ. ಬೀಟ್‌ರೂಟು ಡಬ್ಬಿಯದ್ದೇ ಆಗಬೇಕು, ತಣ್ಣಗೇ ಇರಬೇಕು. ಕಾವಲಿಯಿಂದ ಇಳಿದ ಸುಡುಸುಡು ಈರುಳ್ಳಿಯ ಮೇಲೆ ಆ ಹುಳಿಸಿಹಿ ತಣ್ಣನೆಯ ಬಿಲ್ಲೆ ಕೂತರೆ ಒಂದೇ ತುತ್ತಿನಲ್ಲಿ ಎರಡು ಹವಾಮಾನ. ಈಗಿನ ಹೊಸ ಕೆಫೆಗಳು ಬೀಟ್‌ರೂಟನ್ನು ಒಲೆಯಲ್ಲಿ ಸುಟ್ಟು, ಅದರ ಮೇಲೆ ಆಡಿನ ಹಾಲಿನ ಚೀಸು ಉದುರಿಸಿ, ಬ್ರಿಯೋಶ್ ಬನ್ನಿನಲ್ಲಿಟ್ಟು, ಬಿದಿರುಕಡ್ಡಿ ಚುಚ್ಚಿ, ಮರದ ಹಲಗೆಯ ಮೇಲೆ ತಂದಿಡುತ್ತವೆ. ಅಷ್ಟು ದುಡ್ಡು ಕೊಟ್ಟ ಮೇಲೆ ತಟ್ಟೆಯಾದರೂ ಕೊಡಬಾರದೆ? ಈರುಳ್ಳಿ ಹಸಿಯಾಗಿರಬಾರದು, ಕಾವಲಿಯ ಅಂಚಿನಲ್ಲಿ ಸಾವಕಾಶವಾಗಿ ಕೆಂಪಾಗಬೇಕು. ಸಾಸ್ ಎಂದರೆ ಟೊಮೆಟೊ ಸಾಸ್. ಬನ್ನಿನ ಒಳಮುಖವನ್ನು ಕಾವಲಿಗೆ ಒತ್ತಿ ಬಿಸಿ ಮಾಡಿರಬೇಕು. ಬನ್ನು ನಮ್ಮ ಅಯ್ಯಂಗಾರ್ ಬೇಕರಿಯದರಂತೆ ಬೆಳ್ಳಗೆ, ಮೆತ್ತಗೆ, ಯಾವ ಮಹತ್ವಾಕಾಂಕ್ಷೆಯೂ ಇಲ್ಲದ್ದಾಗಿರಬೇಕು. ಬೀಟ್‌ರೂಟಿನ ನೀರು ತಳದ ಬನ್ನಿಗೆ ಇಳಿಯದಂತೆ ನಡುವೆ ಸೊಪ್ಪಿನ ತಡೆಗೋಡೆ ಕಟ್ಟಬೇಕು. ಎಷ್ಟೋ ಅಂಗಡಿಗಳು ಮುಗ್ಗರಿಸುವುದು ಈ ಕಟ್ಟಡ ಕಾಮಗಾರಿಯಲ್ಲೇ.

ಎಲ್ಲರೂ ಮರೆಯುವುದು ಕಾಗದವನ್ನು. ಎಣ್ಣೆ ಹೀರದ ಕಾಗದದಲ್ಲಿ ಬಿಗಿಯಾಗಿ ಸುತ್ತಿ, ಬಿಳಿಯ ಚೀಲಕ್ಕೆ ಹಾಕಿ, ನಾವು ರಸ್ತೆ ದಾಟಿ ಪಾರ್ಕಿನ ಬೆಂಚಿಗೆ ಹೋಗಿ ಕೂರುವಷ್ಟರಲ್ಲಿ ಒಳಗಿನ ಹಬೆಗೆ ಬನ್ನು ಇನ್ನಷ್ಟು ಮೆತ್ತಗಾಗಿ, ಚೀಸು ಕರಗಿ, ಬೇರೆಬೇರೆಯಾಗಿದ್ದ ಪದಾರ್ಥಗಳೆಲ್ಲ ಹೊಂದಿಕೊಂಡಿರುತ್ತವೆ. ಅಂಗಡಿಯಲ್ಲೇ ನಿಂತು ತಿಂದರೆ ಇದು ಆಗುವುದಿಲ್ಲ. ಮನೆಯತನಕ ಒಯ್ದರೆ ಮುದ್ದೆಯಾಗುತ್ತದೆ. ಅಡುಗೆಯ ಕೊನೆಯ ಹಂತ ನಡೆಯುವುದು ಗಿರಾಕಿಯ ಕೈಯಲ್ಲಿ.

ಹೋದ ವರ್ಷ ಅತ್ತೆ ಬಂದರು. ಅತ್ತೆ ಎಂದರೆ ಮಡಿ, ಮುಸುರೆ, ಶನಿವಾರ ಈರುಳ್ಳಿ ಇಲ್ಲ. ಬಂಡೆಗಳನ್ನು ನೋಡಲು ಹೊರಟ ದಿನವೂ ಶನಿವಾರವೇ. ನಾಲ್ಕು ಗಂಟೆಗೆ ಎದ್ದು ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಹೊರಟೆವು. ಬಂಡೆಗಳ ಮುಂದೆ ಗಾಳಿಗೆ ಸೆರಗು ಹಿಡಿದುಕೊಂಡು ನಿಂತ ಅತ್ತೆ, "ಇಷ್ಟೇ ಏನೋ? ಇದಕ್ಕೆ ಇಷ್ಟು ದೂರವೇ?" ಎಂದರು. ವಾಪಸು ಬರುವಾಗ ಒಳನಾಡಿನ ದಾರಿ ಹಿಡಿದೆವು. ಒಂದು ಸಣ್ಣ ಊರಿನಲ್ಲಿ ಇವರ ಮೂಗು ಅರಳಿತು. ಕಾರು ತಾನಾಗಿ ನಿಂತಿತು.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮವರು ಮಾಂಸ ತಿನ್ನುವುದಿಲ್ಲ, ನಿಜ. ಆದರೆ ಮೊಟ್ಟೆ? ವೀಸಾದ ಜೊತೆಗೇ ಅದಕ್ಕೂ ಪರವಾನಗಿ ಸಿಕ್ಕಿತೆಂದು ಅವರ ನಂಬಿಕೆ. ಅತ್ತೆಗೆ ಈ ನಂಬಿಕೆಯ ಸುದ್ದಿ ತಲುಪಿರಲಿಲ್ಲ. ಅವರು ಬರುವ ಹಿಂದಿನ ದಿನ ಫ್ರಿಜ್ಜಿನ ಮೊಟ್ಟೆಗಳು ಪಕ್ಕದ ಮನೆಗೆ ವಲಸೆ ಹೋಗಿದ್ದವು.

"ವಿತ್ ದ ಲಾಟ್, ಮಾಂಸ ಬೇಡ, ಬೇಕನ್ ಬೇಡ" ಎಂದು ಇವರು ಕೌಂಟರಿನ ಮೇಲೆ ಬಗ್ಗಿ ಗುಟ್ಟಾಗಿ ಹೇಳಿದರು. ಕಾವಲಿಯ ಹಿಂದಿದ್ದ ಗ್ರೀಕ್ ಅಜ್ಜ ತಲೆ ಎತ್ತದೆ, "ಮೊಟ್ಟೆ ಒಂದೋ ಎರಡೋ?" ಎಂದು ಅಂಗಡಿಗೆಲ್ಲ ಕೇಳುವಂತೆ ಕೂಗಿದ. ಪುಣ್ಯಕ್ಕೆ ಇಂಗ್ಲಿಷಿನಲ್ಲಿ. ಅತ್ತೆ ಅಷ್ಟರಲ್ಲಿ ಚಿಪ್ಸಿನ ವಿಚಾರಣೆಯಲ್ಲಿ ಮುಳುಗಿದ್ದರು. ಅದಕ್ಕೆ ಉದುರಿಸುವ ಹಳದಿ ಉಪ್ಪಿನ ಡಬ್ಬಿಯ ಮೇಲೆ 'ಚಿಕನ್ ಸಾಲ್ಟ್' ಎಂದಿದ್ದುದನ್ನು ಅಕ್ಷರ ಕೂಡಿಸಿ ಓದಿ, "ಏನೇ ಇದು, ಉಪ್ಪಿಗೂ ಕೋಳಿ ಹಾಕ್ತಾರಾ!" ಎಂದು ನನ್ನ ಕೈ ಹಿಡಿದುಕೊಂಡರು. ಅದು ಮೂಲದಲ್ಲಿ ಸುಟ್ಟ ಕೋಳಿಗೆ ಉದುರಿಸಲು ದಕ್ಷಿಣ ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಮಸಾಲೆ ಉಪ್ಪು, ಈಗ ಎಷ್ಟೋ ಕಂಪನಿಗಳದರಲ್ಲಿ ಕೋಳಿಯ ಸೋಂಕೂ ಇಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. "ಕೋಳಿ ಇಲ್ಲದಿದ್ರೆ ಕೋಳಿ ಅಂತ ಯಾಕೆ ಬರೀತಾರೆ?" ಇದಕ್ಕೆ ಆ ಕಂಪನಿಗಳೂ ಉತ್ತರ ಕೊಡಲಾರವು.

ಪಾರ್ಕಿನ ಬೆಂಚಿನ ಮೇಲೆ ಕೂತು ಇವರು ಕಾಗದ ಬಿಚ್ಚಿದರು. ಎರಡೂ ಕೈಯಲ್ಲಿ ಹಿಡಿದು, ಮೊಣಕೈ ಅಗಲಿಸಿ, ಮುಂದಕ್ಕೆ ಬಾಗಿ, ಶಾಸ್ತ್ರೋಕ್ತವಾಗಿ ಮೊದಲ ತುತ್ತು ಕಚ್ಚಿದರು. ಶಾಸ್ತ್ರ ಅಂಗಿಯನ್ನು ಕಾಪಾಡಲಿಲ್ಲ. ಬಿಳಿ ಅಂಗಿಯ ಎದೆಯ ಮೇಲೆ ಮೊದಲು ಬೀಟ್‌ರೂಟಿನ ಕೆಂಪು, ಅದರ ಪಕ್ಕದಲ್ಲೇ ಒಡೆದ ಮೊಟ್ಟೆಯ ಹಳದಿ. ಸಾಕ್ಷಾತ್ ಅರಿಶಿನ ಕುಂಕುಮ.

ಅತ್ತೆ ನೋಡಿದರು. "ಕೆಂಪು ಬೀಟ್‌ರೂಟು. ಹಳದಿ ಏನೋ ಅದು?"

"ಚೀಸು ಅಜ್ಜಿ, ಚೀಸ್!" ಎಂದ ಮಗ. ಅಪ್ಪನನ್ನು ಉಳಿಸಲು ಅವನು ಬಾಯಿ ಹಾಕಿದ್ದು ಅದೇ ಮೊದಲು. ಅದಕ್ಕೊಂದು ಹಂಗ್ರಿ ಜ್ಯಾಕ್ಸಿನ ಊಟ ವಸೂಲಿಯಾಯಿತೆಂದು ಆಮೇಲೆ ತಿಳಿಯಿತು.

"ಎಪ್ಪತ್ತೆರಡು ವರ್ಷ ಆಯ್ತು ಕಣೋ ನಂಗೆ. ನಿಮ್ಮ ತಾತ ಬ್ಯಾಂಕ್ ಇನ್‌ಸ್ಪೆಕ್ಷನ್ ಅಂತ ಹೋಗಿ ಬಂದಾಗಲೆಲ್ಲ ಇದೇ ಹಳದಿ ಅಂಗಿ ಮೇಲೆ ಇರ್ತಿತ್ತು. ಅವರೂ ಚೀಸು ಅಂತಿದ್ರು, ಆಗ ಮೈಸೂರಲ್ಲಿ ಚೀಸು ಎಲ್ಲಿ ಸಿಗ್ತಿತ್ತೋ ಆ ಪುಣ್ಯಾತ್ಮನಿಗೇ ಗೊತ್ತು."

ಇವರ ಬಾಯಿ ತುಂಬಿತ್ತು. ನುಂಗುವಂತಿಲ್ಲ, ಉಗಿಯುವಂತಿಲ್ಲ. ಅತ್ತೆ ಮಾತ್ರ ಬನ್ನಿನ ಅಂಚಿನಿಂದ ಇಣುಕುತ್ತಿದ್ದ ಬೀಟ್‌ರೂಟನ್ನೇ ದಿಟ್ಟಿಸುತ್ತಿದ್ದರು. ಬೀಟ್‌ರೂಟ್ ಪಲ್ಯ ಅವರ ಪಂಚಪ್ರಾಣ. ಐದು ನಿಮಿಷ ಕಳೆದು, "ಅದರಲ್ಲಿ ನಾನು ತಿನ್ನೋ ಅಂಥದ್ದು ಏನಾದ್ರೂ ಇರತ್ತೇನೋ ಪುಟ್ಟಾ? ಆ ಕಾವಲಿ ಮುಟ್ಟಿರಬಾರದು" ಎಂದರು.

ಎಲ್ಲರೂ ಮತ್ತೆ ಅಂಗಡಿಗೆ ಹೋದೆವು. ಮಗ ದುಭಾಷಿ. ಮಾಂಸ ಬೇಡ, ಬೇಕನ್ ಬೇಡ, ಮೊಟ್ಟೆ ಬೇಡ, ಇವತ್ತು ಶನಿವಾರವಾದ್ದರಿಂದ ಈರುಳ್ಳಿ ಬೇಡ, ಬನ್ನು ಬಿಸಿ ಮಾಡಬಾರದು, ಚಾಕು ತೊಳೆದಿರಬೇಕು. ಅಜ್ಜ ಬೆರಳು ಮಡಚುತ್ತ ಕೇಳಿದ. "ಅದಕ್ಕೆ ಸಲಾಡ್ ರೋಲ್ ಅಂತಾರೆ. ಬೆಲೆಯೂ ಕಮ್ಮಿ" ಎಂದ.

"ಬೇಡ ಬೇಡ, ಹ್ಯಾಂಬರ್ಗರೇ ಬೇಕು ಅಂತ ಹೇಳು. ಊರಲ್ಲಿ ಎಲ್ಲರಿಗೂ ಹೇಳಬೇಕು ನಾನು. ದುಡ್ಡು ಮಾತ್ರ ಆ ರೋಲಿನದ್ದೇ ತಗೊಳ್ಳಲಿ."

ಅಜ್ಜ ಕೈ ತೊಳೆದುಕೊಂಡ. ಹೊಸ ಚಾಕು ತೆಗೆದ. ಹೊಸ ಡಬ್ಬಿಯನ್ನೇ ಒಡೆದ. ನಮ್ಮವರ ಮುಖದಲ್ಲಿ ಅಸೂಯೆ ಸ್ಪಷ್ಟವಾಗಿತ್ತು. ಇಷ್ಟು ವರ್ಷದ ಭಕ್ತಿಗೆ ಯಾರೂ ಅವರಿಗಾಗಿ ಹೊಸ ಡಬ್ಬಿ ಒಡೆದಿರಲಿಲ್ಲ. ಬೀಟ್‌ರೂಟು ಜೋಡಿಸುತ್ತ ಅಜ್ಜ ಹೇಳಿದ: ನನ್ನ ತಾಯಿಯೂ ಹೀಗೇ. ಈಸ್ಟರಿಗೆ ಮುಂಚೆ ನಮ್ಮ ಚರ್ಚಿನಲ್ಲಿ ಉಪವಾಸ. ಮಾಂಸ ಇಲ್ಲ, ಮೊಟ್ಟೆ ಇಲ್ಲ, ಹಾಲು ಚೀಸು ಕೂಡ ಇಲ್ಲ. ಇಡೀ ದಿನ ಈ ಅಂಗಡಿಯಲ್ಲಿ ಹ್ಯಾಂಬರ್ಗರ್ ಮಾಡಿ, ರಾತ್ರಿ ಹಿಂದಿನ ಕೋಣೆಯಲ್ಲಿ ಕೂತು ಬೇಳೆ ಬೇಯಿಸಿಕೊಂಡು ತಿನ್ನುತ್ತಿದ್ದಳು.

ಮಗ ಅನುವಾದಿಸಿದ. ಅತ್ತೆಯ ಮುಖ ಮೊದಲ ಬಾರಿಗೆ ಅರಳಿತು. "ಎಷ್ಟು ದಿನ ಅಂತೆ ಅವರ ವ್ರತ?"

"ನಲವತ್ತು ದಿನ, ಮೇಲೊಂದು ವಾರ."

"ನಮ್ಮ ಚಾತುರ್ಮಾಸ್ಯ ನಾಲ್ಕು ತಿಂಗಳು ಅಂತ ಹೇಳು. ಒಂದು ತಿಂಗಳು ತರಕಾರಿ ಇಲ್ಲ, ಆಮೇಲೆ ಒಂದು ತಿಂಗಳು ಮೊಸರಿಲ್ಲ, ಒಂದು ತಿಂಗಳು ಹಾಲಿಲ್ಲ, ಕೊನೆ ತಿಂಗಳು ಬೇಳೇನೂ ಇಲ್ಲ ಅಂತ ಹೇಳು."

ಮಗ ಹೇಳಿದ. ಅಜ್ಜ ಚಾಕು ಕೆಳಗಿಟ್ಟು, ಅತ್ತೆಯನ್ನು ಒಂದು ಸಲ ನೋಡಿ, ಏನೂ ಮಾತಾಡದೆ ಇನ್ನೊಂದು ಅನಾನಸಿನ ಬಿಲ್ಲೆ ಹಾಕಿದ.

"ಅದಕ್ಕೆ ಬೇರೆ ದುಡ್ಡಾ ಕೇಳು" ಎಂದರು ಅತ್ತೆ.